ಕೋಟೆಗೋಡೆಯ ಬುಡದಲ್ಲಿ ಒಂದು ಚಳಿಗಾಲ

ಹೋದ ಫೆಬ್ರವರಿಯಲ್ಲಿ ಮಗನ ಮನೆಗೆಂದು ಬಹ್ರೇನ್‌ಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಮಳೆ ಬಂತು. ಬಾಲ್ಕನಿಯ ಬಾಗಿಲು ತೆರೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ನಮ್ಮೂರ ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯಲ್ಲ ಅದು. ಸುಣ್ಣ, ಉಪ್ಪು, ನೀರಿಳಿದ ಕಡಲಿನ ಪಾಚಿ, ಮೂರೂ ಬೆರೆತ ವಾಸನೆ. ಸೊಸೆ ಒಳಗಿನಿಂದ, “ಮಮ್ಮಾ, ಬಾಗಿಲು ಹಾಕಿ, ಕಾರ್ಪೆಟ್ ಒದ್ದೆಯಾಗುತ್ತದೆ” ಎಂದಳು. ನಾನು ಹಾಕಲಿಲ್ಲ. ಅಲ್ಲೇ ನಿಂತು ಎಪ್ಪತ್ತೆಂಟರ ಚಳಿಗಾಲವನ್ನು ಪೂರ್ತಿಯಾಗಿ ಉಸಿರಿಗೆ ಎಳೆದುಕೊಂಡೆ.

ಮದುವೆಯಾಗಿ ಆ ವರ್ಷವೇ ನಾನು ಬಹ್ರೇನಿನ ಮನಾಮಾ ಪಟ್ಟಣಕ್ಕೆ ಬಂದಿದ್ದೆ. ಗಂಡ ವಿಕ್ಟರ್ ಸಿತ್ರಾದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಕ್ಕಿದ್ದರು. ಕಂಪೆನಿ ಬಸ್ಸು ಅವರನ್ನು ಒಯ್ಯುತ್ತಿತ್ತು, ತಂದು ಬಿಡುತ್ತಿತ್ತು. ನಡುವಿನ ಹೊತ್ತೆಲ್ಲ ನಾನು, ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೋವ್. ಕೂತು ಗೊತ್ತಿದ್ದ ಹೆಂಗಸಲ್ಲ ನಾನು. ಮದುವೆಗೆ ಮುಂಚೆ ಉಡುಪಿಯ ಇಂಜಿನಿಯರರೊಬ್ಬರ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದೆ. ಮನೆಗಳು, ಬಾವಿಗಳು, ಸೇತುವೆಗಳು, ಒಂದಿಡೀ ಬಡಾವಣೆಯ ಚರಂಡಿ. ನನ್ನ ಗೆರೆ ಒಳ್ಳೆಯದಿತ್ತು. ಇದನ್ನು ಹೇಳಿಕೊಳ್ಳಲು ಆಗಲೂ ನನಗೆ ಸಂಕೋಚವಿರಲಿಲ್ಲ, ಈಗಲೂ ಇಲ್ಲ.

ಕೆಲಸದ ಸುದ್ದಿ ತಂದವರು ಗಂಗೊಳ್ಳಿಯ ಖಾದರ್ ಸಾಹೇಬರು. ಯುರೋಪಿನಿಂದ ಬಂದು ಹಳೆಯ ಕೋಟೆಯ ಹತ್ತಿರ ಅಗೆಯುತ್ತಿದ್ದ ತಂಡವೊಂದಕ್ಕೆ ಅವರು ಪಿಕಪ್ ಓಡಿಸುತ್ತಿದ್ದರು. ನಾನು ಅವರ ನೆರೆಯೂರು ಬಸ್ರೂರಿನವಳು ಎಂದು ತಿಳಿದ ದಿನದಿಂದ ಅವರಿಗೆ ನಮ್ಮ ಮೇಲೊಂದು ಹಕ್ಕು. ತರಕಾರಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕೂಗಿದರು:

“ಹ್ವಾಯ್ ಬಾಯಮ್ಮ, ನಮ್ಮ ಮೇಡಮ್ಮಿಗೆ ಮಡಿಕೆ ಚೂರಿನ ಚಿತ್ರ ಬರೂಕೆ ಜನ ಬೇಕಂಬ್ರ್. ನಿಮ್ಗೆ ಬತ್ತಲ್ದಾ?”

“ಮಡಕೆ ಚೂರಿನದ್ದು ಎಂತ ಚಿತ್ರ ಸಾಹೇಬ್ರೇ?”

“ನಂಗೆಂತ ಗೊತ್ತಿತ್ತ್? ಒಡ್ದ್ ಹೋದ್ ಮಡಿಕೆ ಹೆಕ್ಕುಕೆ ವಿಮಾನದಗ್ ಬಂದ್ ಜನ ಅವ್ರ್! ನೀವ್ ಒಂದ್ಸಲ ಬಂದ್ ಕಾಣಿ.”

ಹೋಗಿ ನೋಡಿದೆ. ತಂಡದ ಮುಖ್ಯಸ್ಥೆ ಡಾಕ್ಟರ್ ಎಲ್ಸಾ, ಐವತ್ತರ ಹೆಂಗಸು. ಬಿಸಿಲಿಗೆ ಮೂಗು ಸುಲಿದಿತ್ತು, ಪ್ಯಾಂಟಿನ ಮಂಡಿಗೆ ತೇಪೆ ಹಾಕಿತ್ತು. ನನ್ನ ಅರ್ಹತೆ ಏನು ಎಂದು ಕೇಳಲಿಲ್ಲ. ಹೂಜಿಯ ಬಾಯಿಯ ಒಂದು ತುಂಡನ್ನು ಅಂಗೈಗಿಟ್ಟು, ಅದನ್ನು ಸೀಳಿದರೆ ಹೇಗೆ ಕಾಣುತ್ತದೋ ಹಾಗೆ ಬರೆಯಬೇಕು ಎಂದು ಒಮ್ಮೆ ತೋರಿಸಿದಳು. ಬರೆದೆ. ಅಳತೆಯ ಕಡ್ಡಿ ಇಟ್ಟು ನೋಡಿದಳು. ಮತ್ತೊಮ್ಮೆ ಇಟ್ಟಳು. “ಶನಿವಾರದಿಂದ ಬಾ” ಎಂದಳು.

ಆ ದಿಬ್ಬವನ್ನು ನಮ್ಮವರೆಲ್ಲ ಪೋರ್ಚುಗೀಸ್ ಕೋಟೆ ಎನ್ನುತ್ತಿದ್ದರು. ಕಡಲ ಬದಿಗೆ, ಖರ್ಜೂರದ ತೋಟಗಳ ಆಚೆ, ದೊಡ್ಡ ಬುರುಜುಗಳ ಕೋಟೆ. ಆದರೆ ಕೋಟೆ ನಿಂತದ್ದು ನೆಲದ ಮೇಲಲ್ಲ, ಊರಿನ ಮೇಲೆ. ಆ ಊರಿನ ಕೆಳಗೆ ಇನ್ನೊಂದು ಊರು, ಅದರ ಕೆಳಗೆ ಮತ್ತೊಂದು. ಎಲ್ಲಕ್ಕಿಂತ ಕೆಳಗಿನದ್ದು ದಿಲ್ಮುನ್ ಎಂಬ ವ್ಯಾಪಾರದ ಪಟ್ಟಣ. ನಾಲ್ಕು ಸಾವಿರ ವರ್ಷಗಳ ಹಿಂದೆ ಸಿಂಧೂ ನದಿಯ ಕಡೆಯ ಹಡಗುಗಳೂ ಇರಾಕಿನ ನದಿಗಳ ಕಡೆಯ ಹಡಗುಗಳೂ ಅಲ್ಲಿ ಭೇಟಿಯಾಗುತ್ತಿದ್ದವು. ತಾಮ್ರ, ಮರ, ಮುತ್ತು, ಖರ್ಜೂರ ಕೈ ಬದಲಾಗುತ್ತಿದ್ದವು. ಹವಳದ ದಿಣ್ಣೆಗಳ ನಡುವೆ ಹಡಗು ಬರುತ್ತಿದ್ದ ನೀರಿನ ದಾರಿ, ಇಳಿತದ ಹೊತ್ತಿನಲ್ಲಿ ದಿಬ್ಬದ ಮೇಲೆ ನಿಂತರೆ ಕಡುನೀಲಿಯಾಗಿ ಕಾಣುತ್ತಿತ್ತು.

ಇದೆಲ್ಲ ನನಗೆ ವಿಚಿತ್ರವೆನಿಸಲಿಲ್ಲ. ಬಸ್ರೂರು ಕೂಡ ಒಂದು ಕಾಲದ ಬಂದರು. ಅಲ್ಲೂ ಪೋರ್ಚುಗೀಸರು ಕೋಟೆ ಕಟ್ಟಿದ್ದರು. ಈಗ ಹೊಳೆಯಲ್ಲಿ ಹೂಳು ತುಂಬಿ, ವ್ಯಾಪಾರದ ಕೇರಿಗಳಿಗೆ ಹೆಸರು ಮಾತ್ರ ಉಳಿದಿದೆ. ನಮ್ಮೂರ ಅಕ್ಕಿ ಹಿಂದೆ ಈ ಕೊಲ್ಲಿಗೆ ಹಡಗಿನಲ್ಲಿ ಬರುತ್ತಿತ್ತಂತೆ ಎಂದು ಎಲ್ಸಾಗೆ ಹೇಳಿದೆ. ಅವಳು ಸಿಗರೇಟು ಹಚ್ಚುತ್ತಾ, “ಹಾಗಾದರೆ ನೀನು ಬರುವುದು ಸ್ವಲ್ಪ ತಡವಾಯಿತು” ಎಂದಳು.

ಡಿಸೆಂಬರ್ ಸೊಗಸಾಗಿತ್ತು. ಬೆಳಿಗ್ಗೆ ಸ್ವೆಟರು, ಮಧ್ಯಾಹ್ನ ಹೂಬಿಸಿಲು. ಪಕ್ಕದ ಹಳ್ಳಿಯ ಗಂಡಸರು ಗುದ್ದಲಿ ಬುಟ್ಟಿ ಹಿಡಿದು ಬರುತ್ತಿದ್ದರು. ಅವರ ಮೇಸ್ತ್ರಿ ಹಾಜಿ ಮನ್ಸೂರ್. ಹರೆಯದಲ್ಲಿ ಮುತ್ತಿಗಾಗಿ ಕಡಲಿಗೆ ಧುಮುಕಿದವರು. ಮುತ್ತಿನ ವ್ಯಾಪಾರ ಬಿದ್ದ ಮೇಲೆ ಮರದ ಹಡಗುಗಳಲ್ಲಿ ಮುಂಬಯಿಗೆ ಓಡಾಡಿ ಹಿಂದಿ ಕಲಿತಿದ್ದರು. ನನ್ನನ್ನು ‘ಬೇಟಿ’ ಎನ್ನುತ್ತಿದ್ದರು. ಊಟದ ಹೊತ್ತಿಗೆ ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು, ನಡುವೆ ಸುಟ್ಟ ಮೀನಿಟ್ಟು ನನಗೆ ಕೊಡುತ್ತಿದ್ದರು. ನಾನು ಡಬ್ಬಿಯಲ್ಲಿ ತಂದ ಮೀನಿನ ಪುಳಿಮುಂಚಿಯನ್ನು ಒಮ್ಮೆ ನೆಕ್ಕಿ, ಕಣ್ಣಲ್ಲಿ ನೀರು ತುಂಬಿಕೊಂಡು, “ಇದನ್ನು ತಿಂದೇ ನಿಮ್ಮವರು ಕೆಲಸಕ್ಕೆ ಹೀಗೆ ಬೀಳುವುದು” ಎಂದಿದ್ದರು. ಅವರ ಕಿರಿಯ ಮಗಳ ಮದುವೆ ನಿಶ್ಚಯವಾಗಿತ್ತು. ಅಗೆತ ಮುಗಿದ ಮೇಲೆ ಮದುವೆ. ನನ್ನನ್ನು ಆಗಲೇ ಕರೆದಾಗಿತ್ತು.

ಒಂದು ದಿನ ಬೀದಿಯ ಪಕ್ಕದ ಕೋಣೆಯೊಂದರಲ್ಲಿ ಗುಂಡಗಿನ ಕಲ್ಲಿನ ಮುದ್ರೆ ಸಿಕ್ಕಿತು. ಅಂಗಿಯ ಗುಂಡಿಗಿಂತ ತುಸು ದೊಡ್ಡದು. ಅದರಲ್ಲಿ ಒಂದು ಗೂಳಿ, ತಲೆ ತಗ್ಗಿಸಿ ನಿಂತದ್ದು. ಗೂಳಿಯ ಬೆನ್ನ ಮೇಲೆ ನಾಲ್ಕಾರು ಗುರುತುಗಳು. ಎಲ್ಸಾ ಅದನ್ನು ಕುಂಚದಲ್ಲಿ ಒರೆಸಿ, ಯಾರ ಕೈಗೂ ಕೊಡದೆ ಮೊದಲು ನನ್ನ ಅಂಗೈ ಮೇಲಿಟ್ಟಳು. “ಬರಹ ನಿಮ್ಮ ಕಡೆಯದು” ಎಂದಳು. ನಮ್ಮ ಕಡೆ ಎಂದರೆ ಸಿಂಧೂ ನದಿಯ ಕಡೆ. ಬಸ್ರೂರಿನಿಂದ ಅದೆಷ್ಟು ದೂರವೋ! ಆದರೂ ನಾನು ತಿದ್ದಲು ಹೋಗಲಿಲ್ಲ. ಯಾರೋ ಸೇಟು ಸರಕಿನ ಗಂಟಿಗೆ ಒತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ವಸ್ತು. ಅಂಗೈಯಲ್ಲಿ ಹಿತವಾಗಿ ತಣ್ಣಗಿತ್ತು.

ಜನವರಿಯಲ್ಲಿ ತಂಡದ ನಕ್ಷೆಗಾರನಿಗೆ ಕಾಮಾಲೆಯಾಯಿತು. ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಿದ್ದು ಊರಿಗೆ ಹಾರಿದ. ಅಗೆದ ಗುಂಡಿಗಳ ಗೋಡೆಗಳನ್ನು ಅಳೆದು ಬರೆಯುತ್ತಿದ್ದವನು ಅವನೇ. ನಾನು ಎಲ್ಸಾಳ ಡೇರೆಗೆ ಹೋಗಿ, “ಆ ಕೆಲಸ ನನಗೆ ಕೊಡಿ” ಎಂದೆ.

“ಮಡಕೆ ಬರೆಯುವುದು ಬೇರೆ, ಇದು ಬೇರೆ.”

“ಒಂದು ಬಡಾವಣೆಯ ಇಡೀ ಚರಂಡಿಯನ್ನು ಸೀಳಿ ಬರೆದಿದ್ದೇನೆ. ನೀರು ಇವತ್ತಿಗೂ ಸರಿಯಾಗಿ ಹರಿಯುತ್ತಿದೆ.”

ಅವಳು ನಕ್ಕಳು. ಆದರೆ ಕೊಟ್ಟಳು.

ಗುಂಡಿಯ ಗೋಡೆ ಎಂದರೆ ಏನೆಂದು ಹೇಳಬೇಕು. ಆಳವಾಗಿ, ನೇರವಾಗಿ ಅಗೆದಾಗ ಬದಿಯ ಮಣ್ಣಿನಲ್ಲಿ ಪದರಗಳು ಕಾಣುತ್ತವೆ. ಇಲ್ಲಿ ಬೂದಿ, ಇಲ್ಲಿ ಮರಳು, ಇಲ್ಲಿ ಯಾರೋ ಸುಣ್ಣದ ನೆಲ ಹಾಸಿದ್ದು, ಇಲ್ಲಿ ಮನೆ ಬಿದ್ದದ್ದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಅದೊಂದೇ ಸಾಕ್ಷಿ. ಒಮ್ಮೆ ಅಗೆದದ್ದನ್ನು ಇನ್ನೊಮ್ಮೆ ಅಗೆಯಲಾಗುವುದಿಲ್ಲ. ಅಳೆದು ಬರೆದಿಟ್ಟದ್ದಷ್ಟೇ ಉಳಿಯುವುದು.

ಕಡಲ ಬದಿಯಲ್ಲಿ ಎಲ್ಸಾ ಅಂಥದ್ದೊಂದು ಆಳದ ಗುಂಡಿ ತೋಡಿಸುತ್ತಿದ್ದಳು. ಅದರಲ್ಲಿ ಪಟ್ಟಣದ ಕೋಟೆಗೋಡೆ ಸಿಕ್ಕಿತ್ತು, ಪೋರ್ಚುಗೀಸರದ್ದಲ್ಲ, ಹಳೆಯ ಪಟ್ಟಣದ್ದೇ. ಊರು ಶ್ರೀಮಂತವಾದ ಮೇಲೆ ಗೋಡೆ ಕಟ್ಟಿದರೋ, ಗೋಡೆ ಕಟ್ಟಿದ ಮೇಲೆ ಊರು ಬೆಳೆಯಿತೋ? ಅವಳು ವರ್ಷಗಳಿಂದ ಕೇಳಿಕೊಂಡು ಬಂದ ಪ್ರಶ್ನೆ ಅದು. ಉತ್ತರ ಗೋಡೆಯ ಬುಡದಲ್ಲಿತ್ತು, ಅಡಿಪಾಯ ಯಾವ ಪದರವನ್ನು ಕಡಿದು ಇಳಿದಿದೆ ಎಂಬುದರಲ್ಲಿ. ಫೆಬ್ರವರಿಯಲ್ಲಿ ಅಗೆತ ಬುಡ ಮುಟ್ಟಿತು. ನಾನು ಮೇಲಿನಿಂದ ಬರೆಯುತ್ತಾ ಕೆಳಗಿಳಿಯುತ್ತಿದ್ದೆ. ಇನ್ನು ಕೆಳಭಾಗ ಮಾತ್ರ ಉಳಿದಿತ್ತು.

ಅದೇ ವಾರ ವಿಕ್ಟರ್ ನನಗೊಂದು ಕೆಲಸ ಗೊತ್ತುಮಾಡಿಕೊಂಡು ಬಂದರು. ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ಆಗಷ್ಟೇ ಕಟ್ಟಡಗಳು ಏಳುತ್ತಿದ್ದವು. ಅಲ್ಲಿನ ಒಂದು ಕಟ್ಟಡ ಕಂಪೆನಿಯ ಕಚೇರಿಗೆ ನಕ್ಷೆ ಬರೆಯುವವರು ಬೇಕಿತ್ತು. ಖಾಯಂ ಕೆಲಸ, ಎ.ಸಿ. ಕೋಣೆ. ಬುಧವಾರ ಬೆಳಿಗ್ಗೆ ಮ್ಯಾನೇಜರರನ್ನು ಕಾಣಬೇಕಿತ್ತು.

“ಈ ಗುಂಡಿ ಕೆಲಸ ಚಳಿ ಮುಗಿಯುವವರೆಗೆ ಮಾರಾಯ್ತಿ,” ಎಂದರು. ಮನೆಯಲ್ಲಿ ನಮ್ಮ ಮಾತು ಕೊಂಕಣಿ. “ಆಮೇಲೆ? ಮತ್ತೆ ಈ ಕೋಣೆಯಲ್ಲಿ ಗೋಡೆ ನೋಡಿಕೊಂಡು ಕೂರುತ್ತೀಯಾ?”

ಅವರು ಹೇಳಿದ್ದು ಸರಿಯಿತ್ತು. ಹೋಗುತ್ತೇನೆ ಎಂದೆ.

ಬುಧವಾರ ಬೆಳಕು ಹರಿಯುವಾಗಲೇ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ನಾನು ಮದುವೆಯ ನೀಲಿ ಸೀರೆ ಉಟ್ಟು ಸಿದ್ಧಳಾಗಿದ್ದೆ. ರಾತ್ರಿಪಾಳಿ ಮುಗಿಸಿ ಬಂದ ವಿಕ್ಟರ್ ಚಹಾ ಕುಡಿಯುತ್ತಿದ್ದರು. ಕೆಳಗೆ ಹಾರ್ನ್ ಕೇಳಿತು. ಖಾದರ್ ಸಾಹೇಬರು ಮೆಟ್ಟಿಲು ಹತ್ತಿ ಬಂದರು.

“ಬಾಯಮ್ಮ, ಮಳಿ ಬಪ್ಪುಕಾಯ್ತ್. ಗುಂಡಿ ಗ್ವಾಡಿ ನಿಲ್ಲುದಿಲ್ಲೆ ಅಂಬ್ರ್ ಹಾಜಿ. ಬರ್ದದ್ದ್ ಪೂರ್ತಿ ಆಯ್ಲಿಲ್ಲೆ ಅಲ್ದಾ? ನಿಮ್ಗೆ ಕೆಲ್ಸ ಇತ್ತಂದ್ರೆ ಒತ್ತಾಯ ಇಲ್ಲೆ, ಕೇಂಡ್ಕಂಡ್ ಬಾ ಅಂದ್ರ್ ಮೇಡಮ್ಮ್.”

ನಾನು ವಿಕ್ಟರರ ಮುಖ ನೋಡಿದೆ.

“ಐರಿನ್, ಆ ಮ್ಯಾನೇಜರ್ ಎರಡನೇ ಸಲ ಕರೆಯುವವನಲ್ಲ.”

“ಕಚೇರಿ ಈ ಊರಲ್ಲಿ ಇನ್ನೂ ಹತ್ತು ಸಿಗುತ್ತದೆ. ಆ ಗೋಡೆ ನಾಳೆ ಇರುವುದಿಲ್ಲ.”

“ನಾಲ್ಕು ಸಾವಿರ ವರ್ಷ ಇದ್ದ ಗೋಡೆ!”

“ಮಣ್ಣೊಳಗೆ ಇತ್ತು. ನಾವು ಅದನ್ನು ಹೊರಗೆ ತೆಗೆದು ಮಳೆಗೆ ನಿಲ್ಲಿಸಿದ್ದೇವೆ.”

ವಿಕ್ಟರ್ ಲೋಟ ಕೆಳಗಿಟ್ಟರು. ಆಮೇಲೆ ಕಾರ್ಖಾನೆಯ ಹಳದಿ ರೈನ್‌ಕೋಟನ್ನು ಮೊಳೆಯಿಂದ ತೆಗೆದು ನನ್ನ ಹೆಗಲಿಗೆ ಹಾಕಿದರು. ತಾವೂ ಚಪ್ಪಲಿ ಮೆಟ್ಟಿದರು. “ನಡಿ. ಹೇಗೂ ನನಗಿನ್ನು ನಿದ್ದೆ ಬರುವುದಿಲ್ಲ.”

ನಾವು ತಲುಪುವಾಗ ಹನಿ ಶುರುವಾಗಿತ್ತು. ಬಹ್ರೇನಿನ ಮಳೆ ಅಪರೂಪ, ಆದರೆ ಬಂದರೆ ಆ ನೆಲಕ್ಕೆ ಅದನ್ನು ಕುಡಿಯಲು ಗೊತ್ತಿಲ್ಲ. ನೀರು ಮೇಲೆಯೇ ಹರಿಯುತ್ತದೆ. ಹಳ್ಳಿಯವರು ಗುಂಡಿಯ ಮೇಲೆ ಟಾರ್ಪಾಲು ಎಳೆದು ನಾಲ್ಕೂ ಮೂಲೆಗೆ ನಿಂತರು. ಗಾಳಿಗೆ ಒಂದು ಮೂಲೆ ಹಾರಿದಾಗ ವಿಕ್ಟರ್ ಹೋಗಿ ಅದನ್ನು ಹಿಡಿದರು. ಖಾದರ್ ಸಾಹೇಬರು ಗುದ್ದಲಿ ತೆಗೆದುಕೊಂಡು ನೀರು ಗುಂಡಿಗೆ ಬಾರದಂತೆ ಸುತ್ತ ಮಣ್ಣಿನ ಕಟ್ಟಪುಣಿ ಹಾಕತೊಡಗಿದರು. ನಾನು ಅಂಚಿನಿಂದ ತುಸು ಹಿಂದೆ, ಹಲಗೆಯ ಮೇಲೆ ಮಂಡಿಯೂರಿ ಕುಳಿತೆ. ನೀರು ತಾಗಿದರೂ ಹಾಳಾಗದ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆಯುತ್ತಿದ್ದೆವು, ಅದೊಂದು ಪುಣ್ಯ. ಹಾಜಿ ಏಣಿ ಇಳಿದು ಕೆಳಗೆ ನಿಂತರು. ಅಡ್ಡಕ್ಕೆ ಕಟ್ಟಿದ ದಾರದಿಂದ ಪ್ರತಿ ಪದರಕ್ಕೆ ಅಳತೆ ಹಿಡಿದು ಕೂಗಬೇಕು. ನಾನು ಅದನ್ನು ಹಾಳೆಯ ಮೇಲೆ ಚುಕ್ಕಿಯಾಗಿಸಿ, ಚುಕ್ಕಿಗಳನ್ನು ಗೆರೆಯಾಗಿಸಬೇಕು.

ಅಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಅವರು ಕೂಗಿದ್ದು ಕಿವಿಗೆ ಬೀಳುವ ಮೊದಲೇ ಪೆನ್ಸಿಲು ಅಲ್ಲಿರುತ್ತಿತ್ತು. ಬೂದಿಯ ಪದರ ಆಯಿತು. ಚಿಪ್ಪುಗಳ ಪದರ ಆಯಿತು. ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಕೂರಿಸಿದೆ. ಮಳೆ ಜೋರಾಯಿತು. ಟಾರ್ಪಾಲಿನ ನಡುವೆ ನೀರು ಹೊಟ್ಟೆ ಕಟ್ಟಿತು. ಅದನ್ನು ಕೋಲಿನಿಂದ ಎತ್ತಿ ಚೆಲ್ಲಿದರು. ಇನ್ನು ಬಲಗಡೆಯ ಕೆಳಮೂಲೆ, ಅಡಿಪಾಯ ಇಳಿದ ಜಾಗ, ಅದಷ್ಟೇ.

ಆಗ ಎಲ್ಸಾ ನನ್ನ ಪಕ್ಕದ ನೆಲ ತೋರಿಸಿದಳು. ಗುಂಡಿಯ ಅಂಚಿಗೆ ಸಮಾನಾಂತರವಾಗಿ ಕೂದಲಿನಂಥ ಒಂದು ಬಿರುಕು ಓಡಿತ್ತು. ನೋಡುತ್ತಿದ್ದಂತೆ ಅದರೊಳಗೆ ನೀರು ಇಳಿಯಿತು.

“ಹಾಜಿ, ಮೇಲೆ ಬನ್ನಿ!” ಎಂದು ಅವಳು ಅರಬ್ಬಿಯಲ್ಲಿ ಕೂಗಿದಳು.

“ಬಸ್, ಬುಡ ಮಾತ್ರ,” ಕೆಳಗಿನಿಂದ ಹಾಜಿ ನನಗೆ ಹಿಂದಿಯಲ್ಲಿ ಹೇಳಿದರು. “ಬರೆ ಬೇಟಿ. ಇವಳು ಇದಕ್ಕಾಗಿಯೇ ಅಲ್ಲವೇ ಇಷ್ಟು ವರ್ಷ ಬಂದದ್ದು? ಬರೆ, ಹೇಳುತ್ತೇನೆ.” ಅಳತೆ ಪಟ್ಟಿ ಹಿಡಿದು ಬಗ್ಗಿದರು.

“ಬೇಡ ಹಾಜಿ, ಮೇಲೆ ಬನ್ನಿ,” ಎಂದೆ.

“ಕಡಲಿನ ತಳ ನೋಡಿ ಬಂದವನು ನಾನು. ಈ ಗುಂಡಿಗೆ ಹೆದರಲೇ?” ನಕ್ಕು ಒಂದು ಅಳತೆ ಕೂಗಿದರು.

ನಾನು ಪೆನ್ಸಿಲನ್ನು ಚೀಲಕ್ಕೆ ಹಾಕಿದೆ. ಅವರಿಗೆ ಕಾಣುವ ಹಾಗೆ ನಕ್ಷೆಯ ಹಲಗೆಯನ್ನು ಎತ್ತಿ, ಹಾಳೆ ಇದ್ದ ಬದಿಯನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತೆ.

“ನೀವು ಸಾವಿರ ಅಳತೆ ಹೇಳಿ, ನಾನು ಒಂದೂ ಬರೆಯುವುದಿಲ್ಲ. ನೀವು ಅಲ್ಲಿದ್ದು ಪ್ರಯೋಜನವಿಲ್ಲ. ಬನ್ನಿ ಮೇಲೆ.”

ಅವರು ತಲೆಯೆತ್ತಿ ನನ್ನನ್ನು ದಿಟ್ಟಿಸಿದರು. ನಗು ಹೋಯಿತು. ನಾನು ಹಿಂದೆಂದೂ ಕೇಳದ ಒಂದೆರಡು ಅರಬ್ಬಿ ಮಾತುಗಳನ್ನು ಗೊಣಗಿ, ಪಟ್ಟಿಯನ್ನು ಜೇಬಿಗೆ ತುರುಕಿ ಏಣಿ ಹತ್ತಿದರು. ವಿಕ್ಟರ್ ಟಾರ್ಪಾಲು ಬಿಟ್ಟು ಬಂದು ಅವರ ರಟ್ಟೆ ಹಿಡಿದು ಎಳೆದುಕೊಂಡರು. ಎಲ್ಲರೂ ಹಿಂದೆ ಸರಿದೆವು.

ಕೂಡಲೇ ಏನೂ ಆಗಲಿಲ್ಲ. ಎಷ್ಟು ಹೊತ್ತು ಆಗಲಿಲ್ಲವೆಂದರೆ ಹಾಜಿ ನನ್ನತ್ತ ತಿರುಗಿ, “ನೋಡಿದೆಯಾ? ಈಗ ಮುಗಿದೇ ಹೋಗುತ್ತಿತ್ತು” ಎಂದರು. ಆ ಮಾತು ಮುಗಿದಿತ್ತಷ್ಟೇ. ಅಕ್ಕಿ ಮೂಟೆಯ ಬಾಯಿ ಬಿಚ್ಚಿ ಸುರಿದಂಥ ಸದ್ದು, ಅದಕ್ಕಿಂತ ಜೋರಾಗಿ ಏನೂ ಇಲ್ಲ. ನಾನು ದಿನಗಟ್ಟಲೆ ನೋಡಿದ್ದ ಪದರಗಳೆಲ್ಲ ಒಟ್ಟಿಗೆ ಬಾಗಿ, ಗೋಡೆಯ ಕಲ್ಲುಗಳನ್ನೂ ಎಳೆದುಕೊಂಡು ಕೆಳಗೆ ಕೂತವು. ಏಣಿಯ ಮೇಲಿನ ಎರಡು ಮೆಟ್ಟಿಲು ಮಾತ್ರ ಮಣ್ಣಿನಿಂದ ಹೊರಗಿದ್ದವು.

ಹಾಜಿ ಒದ್ದೆ ನೆಲದಲ್ಲೇ ಕೂತುಬಿಟ್ಟರು. “ಅಲ್‌ಹಮ್ದುಲಿಲ್ಲಾ” ಎಂದರು. ಆಮೇಲೆ ನನ್ನನ್ನು ಕೇಳಿದರು: “ನಾನು ಕೂಗಿದ ಆ ಕೊನೆಯ ಅಳತೆ ಬರೆದೆಯಾ?”

“ಇಲ್ಲ.”

“ಹಟಮಾರಿ.”

ಖಾದರ್ ಸಾಹೇಬರು ಫ್ಲಾಸ್ಕಿನ ಚಹಾ ಬಗ್ಗಿಸಿದರು.

ಮರುದಿನ ಉಗುರಿನ ಸಂದಿಯ ಮಣ್ಣಿನೊಂದಿಗೇ ಡಿಪ್ಲೊಮ್ಯಾಟಿಕ್ ಏರಿಯಾದ ಕಚೇರಿಗೆ ಹೋದೆ. ವಿಕ್ಟರ್ ಹೇಳಿದ್ದು ನಿಜವಾಗಿತ್ತು, ಬೇರೆಯವರನ್ನು ತೆಗೆದುಕೊಂಡಾಗಿತ್ತು. ಬೇಜಾರಾಯಿತು, ಆಗಲಿಲ್ಲವೆಂದರೆ ಸುಳ್ಳಾದೀತು. ಸಂಜೆ ವಿಕ್ಟರ್ ಗಂಜಿ ಮುಂದಿಟ್ಟುಕೊಂಡು ಕೇಳಿದರು, “ಮುಂದಿನ ಚಳಿಗಾಲಕ್ಕೆ ಅವಳು ನಿನ್ನನ್ನು ಕರೆಯುತ್ತಾಳಾ?”

“ಕರೆಯುತ್ತಾಳೆ.”

“ಹೇಳಿದಳಾ?”

“ಇಲ್ಲ. ಆದರೂ ಕರೆಯುತ್ತಾಳೆ.”

ಹಾಗೆ ಹೇಳಿದೆನೇ ಹೊರತು ಆ ವಾರವೇ ಎಲ್ಸಾಗೂ ನನಗೂ ಜಗಳವಾಯಿತು. ಶಾಯಿ ಹಾಕಿದ ನಕ್ಷೆಯನ್ನು ಅವಳ ಮುಂದಿಟ್ಟೆ. ಬಲಗಡೆಯ ಕೆಳಮೂಲೆ ಖಾಲಿ.

“ನೀನು ಅದನ್ನು ಕಣ್ಣಾರೆ ನೋಡಿದ್ದೀಯಾ. ನಾನೂ ನೋಡಿದ್ದೇನೆ,” ಎಂದಳು. “ಅಡಿಪಾಯ ಬೂದಿಯ ಪದರವನ್ನು ಕಡಿದಿತ್ತು, ಎಂದರೆ ಊರು ಮೊದಲು, ಗೋಡೆ ಆಮೇಲೆ. ಚುಕ್ಕಿಗೆರೆಯಲ್ಲಿ ತೋರಿಸು.”

“ಕಡಿದ ಹಾಗೆ ನನಗೂ ಕಂಡಿತ್ತು. ಆದರೆ ಅಳೆದಿಲ್ಲ. ಅಳೆಯದ ಗೆರೆ ನನ್ನ ಕೈಯಿಂದ ಬರುವುದಿಲ್ಲ. ನೀವು ಬರೆದರೆ ಕೆಳಗೆ ನಿಮ್ಮ ಹೆಸರು ಹಾಕಿಕೊಳ್ಳಿ, ನನ್ನದು ಬೇಡ.”

ಅವಳ ಕುತ್ತಿಗೆ ಕೆಂಪಾಯಿತು. ಅದು ಅವಳ ವರ್ಷಗಳ ಪ್ರಶ್ನೆ ಎಂದು ನನಗೆ ಗೊತ್ತಿತ್ತು, ಅವಳ ಮೇಲೆ ಕನಿಕರವೂ ಇತ್ತು. ಆದರೆ ಗೆರೆ ಬೇರೆ, ಕನಿಕರ ಬೇರೆ. ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ನನ್ನ ಮೇಜಿಗೆ ಬಂದು, ಖಾಲಿ ಮೂಲೆಯ ಮೇಲೆ ಬೆರಳಿಟ್ಟು, “ಇದು ಹೀಗೇ ಇರಲಿ” ಎಂದಳು. “ಮುಂದಿನ ವರ್ಷ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡೋಣ. ನೀನು ಬರಬೇಕು.”

ಮುಂದಿನ ವರ್ಷ ತೋಡಿದೆವು. ಹಿಂದೆಂದೋ ಯಾರೋ ಆ ಭಾಗದ ಕಲ್ಲುಗಳನ್ನೆಲ್ಲ ಕಿತ್ತು ಮನೆಗೆ ಒಯ್ದಿದ್ದರು. ಗೋಡೆಯೂ ಇಲ್ಲ, ಬುಡವೂ ಇಲ್ಲ. ಎಲ್ಸಾ ಗುಂಡಿಯ ಅಂಚಿನಲ್ಲಿ ಕೂತು ಒಂದಾದ ಮೇಲೊಂದು ಸಿಗರೇಟು ಸೇದಿದಳು. ಆಮೇಲೆ ಎದ್ದು ಬಟ್ಟೆ ಕೊಡವಿಕೊಂಡು, “ಇರಲಿ, ಬೀದಿಯ ಕಡೆ ನೋಡೋಣ” ಎಂದಳು. ಆ ಬೀದಿಯನ್ನು ಚಳಿಗಾಲದ ಮೇಲೆ ಚಳಿಗಾಲ ನಾನೇ ಬರೆದೆ. ಬೇಸಿಗೆಯಲ್ಲಿ ಮನೆಯ ಮೇಜಿನಲ್ಲೇ ಕೂತು ಇಂಜಿನಿಯರರಿಗೆ ನಕ್ಷೆ ಮಾಡಿಕೊಟ್ಟೆ. ಮತ್ತೆ ಯಾವ ಮ್ಯಾನೇಜರರ ಬಾಗಿಲಿಗೂ ಹೋಗಲಿಲ್ಲ.

ಹಾಜಿಯ ಮಗಳ ಮದುವೆ ಗುಂಡಿ ಕುಸಿದ ವರ್ಷದ ಏಪ್ರಿಲಿನಲ್ಲೇ ಆಗಿತ್ತು. ನಾನು ಹೆಂಗಸರ ಕಡೆಗೆ ಹೋಗುವ ಮೊದಲು, ಅಂಗಳದಲ್ಲಿ ನಿಂತಿದ್ದ ನನ್ನನ್ನು ತೋರಿಸಿ ಅವರು ನೆಂಟರ ಗುಂಪಿಗೆ ಅರಬ್ಬಿಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಎಲ್ಲರೂ ಗೊಳ್ಳೆಂದು ನಕ್ಕರು. ಏನೆಂದು ಖಾದರ್ ಸಾಹೇಬರನ್ನು ಕೇಳಿದೆ.

“‘ಕಡಲಿಗೆ ಹೆದ್ರಲಿಲ್ಲೆ, ಬಿರ್ಗಾಳಿಗೆ ಹೆದ್ರಲಿಲ್ಲೆ, ಈ ಹೆಣ್ಣ್ ಪೆನ್ಸಿಲ್ ಚೀಲಕ್ ಹಾಕ್ದದ್ ಕಂಡ್ ಹೆದ್ರ್‌ದೆ’ ಅಂಬ್ರ್.”

ಊಟಕ್ಕೆ ಹಾಜಿ ವಿಕ್ಟರರನ್ನು ತಮ್ಮ ತಟ್ಟೆಗೇ ಕೂರಿಸಿಕೊಂಡು, ಮಾಂಸದ ಒಳ್ಳೊಳ್ಳೆಯ ತುಂಡುಗಳನ್ನು ಬೆರಳಲ್ಲಿ ಬಿಡಿಸಿ ಅವರ ಕಡೆಗೆ ತಳ್ಳುತ್ತಿದ್ದರಂತೆ.

ಅಗೆತದ ಪುಸ್ತಕ ಅಚ್ಚಾಗಲು ಬಹಳ ವರ್ಷ ಹಿಡಿಯಿತು. ಹಾಜಿ ಅದನ್ನು ನೋಡಿದರು. ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡೇ ನೋಡಿದರು. ಗೋಡೆಯ ವಿಷಯ ಬಂದ ಕಡೆ ಎಲ್ಸಾ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಟ್ಟಿದ್ದಾಳೆ. ನನ್ನ ನಕ್ಷೆ ಮಡಚಿದ ದೊಡ್ಡ ಹಾಳೆಯಾಗಿ ಕೊನೆಗೆ ಸೇರಿದೆ, ಕೆಳಗೆ ನನ್ನ ಹೆಸರಿದೆ. ಅದಾದ ಮೇಲೆ ಒಂದು ಸಲ, ಸಂಶೋಧನೆಗೆಂದು ಬಂದ ಒಬ್ಬ ತರುಣಿ ವಿಳಾಸ ಹುಡುಕಿಕೊಂಡು ಮನಾಮಾದ ನಮ್ಮ ಮನೆಗೆ ಬಂದಳು. ಊಟದ ಮೇಜಿನ ಮೇಲೆ ಆ ಹಾಳೆಯನ್ನು ಬಿಡಿಸಿ ಹರಡಿದಳು. ಒಂದೊಂದು ಚಿಪ್ಪಿನ ಪದರವನ್ನೂ ಇಷ್ಟು ನಾಜೂಕಾಗಿ ಬರೆದಿದ್ದೀರಿ, ಮುಖ್ಯವಾದ ಈ ಮೂಲೆ ಮಾತ್ರ ಏಕೆ ಖಾಲಿ, ಮೂಲ ಹಾಳೆ ಮಳೆಗೆ ಅಳಿಸಿಹೋಯಿತೇ ಎಂದು ಕೇಳಿದಳು.

“ಇಲ್ಲಮ್ಮ,” ಎಂದೆ. “ಅಲ್ಲಿ ಹಾಜಿ ಮನ್ಸೂರ್ ನಿಂತಿದ್ದರು.”